ಡಿಜಿಟಲ್ ಆಂಪ್ಲಿಫೈಯರಿನಲ್ಲಿ ವಿದ್ಯುತ್ ಪೂರೈಕೆಯ ದೋಷ ಮತ್ತು ಅದರ ತಿದ್ದುಪಡಿ

ಧ್ವನಿಯನ್ನು ಅಗಲ ಬದಲಾಗುವ ಪಲ್ಸುಗಳನ್ನಾಗಿ ಮಾಡಿ ಸ್ಪೀಕರಿಗೆ ಕೊಡುವ ಡಿ ವರ್ಗದ ಆಂಪ್ಲಿಫೈಯರುಗಳಲ್ಲಿ ಪವರ್ ಸಪ್ಲೈಯ ವೋಲ್ಟೇಜು ಏರಿಳಿದರೆ ಹೊರಬರುವ ಧ್ವನಿಯೂ ಅದೇ ಪ್ರಮಾಣದಲ್ಲಿ ಏರಿಳಿಯುತ್ತದೆ. ಇದನ್ನು ತಡೆಯುವ ಉಪಾಯಗಳೆಲ್ಲ ಸೇರಿ ಪೂರೈಕೆ ದೋಷದ ತಿದ್ದುಪಡಿ ಎನಿಸಿಕೊಳ್ಳುತ್ತವೆ. ಹಳೆಯ ಎಬಿ ವರ್ಗದಲ್ಲಿ ಈ ತೊಂದರೆ ಇಷ್ಟು ನೇರವಾಗಿರಲಿಲ್ಲ. ಅಲ್ಲಿ ಟ್ರಾನ್ಸಿಸ್ಟರು ಸಪ್ಲೈಗೂ ಸ್ಪೀಕರಿಗೂ ನಡುವೆ ನಿಂತು, ಹೆಚ್ಚುವರಿ ವೋಲ್ಟೇಜನ್ನು ತಾನೇ ಹೊತ್ತುಕೊಂಡು ಬಿಸಿಯಾಗುತ್ತಿತ್ತು. ಡಿ ವರ್ಗದಲ್ಲಿ ಟ್ರಾನ್ಸಿಸ್ಟರು ಬರೀ ಸ್ವಿಚ್ಚು. ಅದು ಸೆಕೆಂಡಿಗೆ ಮೂರು ನಾಲ್ಕು ಲಕ್ಷ ಸಲ ತೆರೆದು ಮುಚ್ಚುತ್ತದೆ, ಮುಚ್ಚಿದಾಗ ಸಪ್ಲೈಯ ವೋಲ್ಟೇಜು ಇದ್ದದ್ದು ಇದ್ದ ಹಾಗೆ ಔಟ್‌ಪುಟ್ಟಿಗೆ ಬರುತ್ತದೆ. ಪಲ್ಸಿನ ಅಗಲ ಗುಣಿಸು ಸಪ್ಲೈಯ ವೋಲ್ಟೇಜು, ಇದೇ ಔಟ್‌ಪುಟ್. ಈ ದೋಷದ ಸ್ವಭಾವವೆಲ್ಲ ಆ ಗುಣಾಕಾರದಲ್ಲಿದೆ. ಸಪ್ಲೈಯ ಗೊಜಲು ಧ್ವನಿಗೆ ಬಂದು ಕೂಡಿಕೊಳ್ಳುವುದಿಲ್ಲ, ಧ್ವನಿಯನ್ನು ಗುಣಿಸುತ್ತದೆ. ಇದನ್ನು ಮರೆತು ಮಾಡಿದ ಅಳತೆಯೂ ಚಿಕಿತ್ಸೆಯೂ ದಾರಿ ತಪ್ಪುತ್ತವೆ.

ಒಂದು ಲೆಕ್ಕ ನೋಡೋಣ. 50 ವೋಲ್ಟಿನ ಸಪ್ಲೈ, ಅದರ ಮೇಲೆ 1 ವೋಲ್ಟ್ ಮೇಲೆ ಕೆಳಗೆ ಆಡುವ ರಿಪಲ್. ನಮ್ಮ ಲೈನು 50 ಹರ್ಟ್ಸಿನದು, ರೆಕ್ಟಿಫೈಯರ್ ದಾಟಿದ ಮೇಲೆ ರಿಪಲ್ 100 ಹರ್ಟ್ಸ್ ಆಗುತ್ತದೆ. ಈಗ 1000 ಹರ್ಟ್ಸಿನ ಶುದ್ಧ ಸ್ವರ ಹಾಕಿದರೆ ಔಟ್‌ಪುಟ್ಟಿನಲ್ಲಿ 900 ಮತ್ತು 1100 ಹರ್ಟ್ಸಿನ ಎರಡು ಹೊಸ ಸ್ವರಗಳು ಹುಟ್ಟುತ್ತವೆ. ಒಂದೊಂದೂ ಮೂಲ ಸ್ವರದ ಶೇ 1ರಷ್ಟು, ಅಂದರೆ 40 ಡೆಸಿಬೆಲ್ ಕೆಳಗೆ. ರೇಡಿಯೊ ಬಲ್ಲವರಿಗೆ ಇದು ಹೊಸತಲ್ಲ. ಮಧ್ಯಮ ತರಂಗದ ಪ್ರಸಾರದಲ್ಲಿ ಅಲೆಯ ಎತ್ತರವೇ ಮಾತನ್ನು ಹೊರುವುದರಿಂದ ಟ್ರಾನ್ಸ್‌ಮಿಟರಿನ ಸಪ್ಲೈಯಲ್ಲಿರುವ ರಿಪಲ್ ನೇರವಾಗಿ ಗುಂಯ್‌ಗುಟ್ಟುವಿಕೆಯಾಗಿ ಕೇಳುತ್ತದೆ. ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ಶುರುವಾದ ಸಂಘಂ ರೇಡಿಯೊದಂಥ ಎಫ್.ಎಂ. ಕೇಂದ್ರಕ್ಕೆ ಆ ಕಾಟ ಕಡಿಮೆ, ಯಾಕೆಂದರೆ ಎತ್ತರದ ಸಣ್ಣ ವ್ಯತ್ಯಾಸಗಳನ್ನು ಕೇಳುವವರ ರೇಡಿಯೊವೇ ಕತ್ತರಿಸಿ ಹಾಕುತ್ತದೆ. ಈ ವಿಷಯದಲ್ಲಿ ಡಿ ವರ್ಗದ ಆಂಪ್ಲಿಫೈಯರು ಮಧ್ಯಮ ತರಂಗದ ಸಂಬಂಧಿ.

ವಿದ್ಯುತ್ತೇ ಸ್ಥಿರವಾಗಿರುವಲ್ಲಿ ಇದೆಲ್ಲ ಪ್ರಯೋಗಾಲಯದ ಚರ್ಚೆಯಾಗಿ ಉಳಿದೀತು. ಆದರೆ ಎಲ್ಲ ಕಡೆ ಅದು ಸ್ಥಿರವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯಿಂದ ಹೊರಗೆ ಹೋದ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ, ಗುಲ್ಬರ್ಗಾ ಜಿಲ್ಲೆಯಿಂದ ಹೋದ ತಾಂಡೂರು, ಇವು ಇಂದಿಗೂ ಕನ್ನಡ, ತೆಲುಗು, ಉರ್ದು ಬೆರೆತ ಗಡಿಸೀಮೆ. ಇಂಥ ಸೀಮೆಯ ಜಾತ್ರೆ, ಉರುಸು, ಮದುವೆ, ಚುನಾವಣೆಯ ಮೈಕುಗಳಿಗೆ ಕರೆಂಟು ಮೂರು ದಾರಿಯಿಂದ ಬರುತ್ತದೆ: ಲೈನು, ಡೀಸೆಲ್ ಜನರೇಟರು, ಬ್ಯಾಟರಿ. ಲೈನಿನ ವೋಲ್ಟೇಜು 230ರಿಂದ ಶೇ 6ರಷ್ಟು ಆಚೀಚೆ ಹೋಗಬಹುದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಅವಕಾಶ ಕೊಟ್ಟಿದ್ದವು. ಶೇ 6 ಇಳಿದರೆ ರೆಗ್ಯುಲೇಟರ್ ಇಲ್ಲದ ಆಂಪ್ಲಿಫೈಯರಿನ ಗರಿಷ್ಠ ಶಕ್ತಿ ಸುಮಾರು ಶೇ 12 ಇಳಿಯುತ್ತದೆ. ಪ್ರಚಾರದ ಆಟೋದಲ್ಲಿ ಎಂಜಿನ್ ನಿಂತಾಗ 12 ವೋಲ್ಟ್ ಇರುವುದು ಓಡುವಾಗ 14.4ರವರೆಗೆ ಏರಬಹುದು. ಅದು ಶೇ 20ರ ಹೆಚ್ಚಳ, ಅದರ ಮೇಲೆ ಎಂಜಿನ್ ವೇಗಕ್ಕೆ ತಕ್ಕಂತೆ ಸ್ವರ ಬದಲಿಸುವ ಆಲ್ಟರ್ನೇಟರಿನ ರಿಪಲ್ ಬೇರೆ. ಜನರೇಟರಿನದು ಇನ್ನೊಂದು ಕಥೆ. ಗ್ರಿಡ್ ತನ್ನ ಆವರ್ತನವನ್ನು 49.90ರಿಂದ 50.05 ಹರ್ಟ್ಸಿನೊಳಗೆ ಇಟ್ಟುಕೊಳ್ಳಲು ಹೆಣಗುತ್ತದೆ, ಸಣ್ಣ ಜನರೇಟರಿಗೆ ಆ ಶಿಸ್ತಿಲ್ಲ. ಆದ್ದರಿಂದ ಸರಿಯಾಗಿ 100 ಹರ್ಟ್ಸನ್ನೇ ಸೋಸುವ ಫಿಲ್ಟರು ಇಲ್ಲಿ ನಂಬಿಗಸ್ತ ಉಪಾಯವಲ್ಲ.

ಗುಣಾಕಾರದ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಸೇತುವೆ ಜೋಡಣೆಯವರದು. ಸ್ಪೀಕರಿನ ಎರಡೂ ತುದಿಗೆ ಒಂದೊಂದು ಸ್ವಿಚ್ ಜೋಡಿ ಇಟ್ಟರೆ ರಿಪಲ್ ಎರಡೂ ಕಡೆ ಸಮನಾಗಿ ಬಂದು ರದ್ದಾಗುತ್ತದೆ, ಡೇಟಾ ಶೀಟಿನಲ್ಲಿ ಸಪ್ಲೈ ನಿರಾಕರಣೆಯ ಅಂಕಿಯೂ ಚೆನ್ನಾಗಿದೆ, ಇನ್ನೇನು ಬೇಕು ಎನ್ನುತ್ತಾರೆ. ರದ್ದಾಗುವುದು ನಿಜ, ಆದರೆ ಧ್ವನಿ ಇಲ್ಲದಿದ್ದಾಗ ಮಾತ್ರ. ಆ ಅಂಕಿಯನ್ನು ಅಳೆಯುವ ರೂಢಿಯೇ ಹಾಗಿದೆ: ಇನ್‌ಪುಟ್ ಮುಚ್ಚಿ, ಸಪ್ಲೈಯಲ್ಲಿ ರಿಪಲ್ ಬಿಟ್ಟು, ಔಟ್‌ಪುಟ್ಟಿನಲ್ಲಿ ಎಷ್ಟು ಬಂತೆಂದು ನೋಡುವುದು. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ತಾನೆ. ಸ್ವರ ಹಾಕಿದೊಡನೆ ಎರಡು ತುದಿಗಳ ಪಲ್ಸುಗಳ ಅಗಲ ಬೇರೆಯಾಗುತ್ತದೆ, 900 ಮತ್ತು 1100 ಹರ್ಟ್ಸಿನ ಸ್ವರಗಳು ಹಾಜರಾಗುತ್ತವೆ. ಸೇತುವೆಯಿಂದ ಆಗುವ ದೊಡ್ಡ ಉಪಕಾರ ಬೇರೆ. ಒಂದೇ ಸ್ವಿಚ್ ಜೋಡಿಯ ಅರ್ಧ ಸೇತುವೆಯಲ್ಲಿ ತಗ್ಗಿನ ಸ್ವರ ನುಡಿಯುವಾಗ ಸ್ಪೀಕರಿನ ಕಡೆಯಿಂದ ಶಕ್ತಿ ಒಂದು ರೈಲಿಗೆ, ಅಂದರೆ ಸಪ್ಲೈಯ ತಂತಿಗೆ, ಹಿಂತಿರುಗಿ ಅದರ ವೋಲ್ಟೇಜನ್ನು ಉಬ್ಬಿಸುತ್ತದೆ, ಪೂರ್ಣ ಸೇತುವೆ ಅದನ್ನು ತಪ್ಪಿಸುತ್ತದೆ. ಗುಣಾಕಾರವನ್ನು ತಪ್ಪಿಸುವುದು ಅದರ ಕೈಯಲ್ಲಿಲ್ಲ.

ಗುಣಾಕಾರದ ದೋಷಕ್ಕೆ ನೇರವಾದ ಮದ್ದು ಭಾಗಾಕಾರ. ಅನಲಾಗ್ ಮಂಡಲದಲ್ಲಿ ಇದು ಸುಲಭ. ಧ್ವನಿಯನ್ನು ಒಂದು ತ್ರಿಕೋನ ಅಲೆಯೊಂದಿಗೆ ಹೋಲಿಸಿ ಪಲ್ಸಿನ ಅಗಲ ನಿರ್ಧರಿಸುವುದಾದರೆ, ಆ ತ್ರಿಕೋನದ ಎತ್ತರವನ್ನೇ ಸಪ್ಲೈ ವೋಲ್ಟೇಜಿಗೆ ಕಟ್ಟಿಹಾಕಿದರೆ ಸಾಕು, ಸಪ್ಲೈ ಏರಿದಷ್ಟು ಪಲ್ಸು ಕಿರಿದಾಗುತ್ತದೆ. ಡಿಜಿಟಲ್ ಇನ್‌ಪುಟ್ಟಿನ ಯಂತ್ರಗಳಲ್ಲಿ ಸಪ್ಲೈಯನ್ನು ಎಡಿಸಿಯಿಂದ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್ಪಿನಿಂದ) ಅಳೆದು, ಪಲ್ಸಿನ ಅಗಲವನ್ನು ಆ ಅಂಕಿಯಿಂದ ಭಾಗಿಸುತ್ತಾರೆ. ಸಿರಸ್ ಲಾಜಿಕ್ ಕಂಪನಿ ತನ್ನ ಸಿಎಸ್44800 ಚಿಪ್ಪಿಗೆ ಸಿಎಸ್4461 ಎಂಬ ಎಡಿಸಿಯನ್ನು ಜೊತೆ ಮಾಡಿದ್ದು ಇದಕ್ಕಾಗಿ. ಕಾಗದದ ಮೇಲೆ ಇದು ಪರಿಪೂರ್ಣ. ಆದರೆ ಅಳತೆಯ ಮಾಪಕ ಶೇ 1 ತಪ್ಪಿದರೆ ರಿಪಲ್ಲಿನ ಶೇ 1 ಉಳಿದೇ ಉಳಿಯುತ್ತದೆ, ಲಾಭ 40 ಡೆಸಿಬೆಲ್ಲಿಗೆ ನಿಲ್ಲುತ್ತದೆ. ತಡವೂ ಇದೆ. ಅಳೆದು, ಭಾಗಿಸಿ, ಪಲ್ಸು ಹೊರಡುವ ಹೊತ್ತಿಗೆ 20 ಮೈಕ್ರೊಸೆಕೆಂಡ್ ಕಳೆದಿದ್ದರೆ 100 ಹರ್ಟ್ಸಿನಲ್ಲಿ ಸುಮಾರು 38 ಡೆಸಿಬೆಲ್ ಲಾಭ ಸಿಗುತ್ತದೆ, 1000 ಹರ್ಟ್ಸಿನಲ್ಲಿ ಅದು 18ಕ್ಕೆ ಇಳಿಯುತ್ತದೆ, ಸುಮಾರು 8,300 ಹರ್ಟ್ಸ್ ದಾಟಿದ ಗೊಜಲನ್ನು ಈ ತಿದ್ದುಪಡಿ ಕಡಿಮೆ ಮಾಡುವ ಬದಲು ಹೆಚ್ಚಿಸುತ್ತದೆ. ಅಷ್ಟು ಎತ್ತರದ ಆವರ್ತನವನ್ನು ಸಪ್ಲೈಯ ಕೆಪಾಸಿಟರುಗಳಿಗೆ ಬಿಡುವುದೇ ಲೇಸು.

ಎರಡನೆಯ ದಾರಿ ಫೀಡ್‌ಬ್ಯಾಕ್. ಅದು ಸಪ್ಲೈಯನ್ನು ನೋಡುವುದೇ ಇಲ್ಲ. ಹೊರಗೆ ಬಂದದ್ದನ್ನು ಬರಬೇಕಾದದ್ದರ ಜೊತೆ ಹೋಲಿಸಿ, ವ್ಯತ್ಯಾಸ ಯಾವ ಕಾರಣದಿಂದ ಬಂದಿದ್ದರೂ ತಿದ್ದುತ್ತದೆ, ಸ್ವಿಚ್ಚುಗಳ ಸಮಯದ ತಪ್ಪೂ ಅದರಲ್ಲೇ ತಿದ್ದಿಹೋಗುತ್ತದೆ. ಕೀಯು ಸ್ಮೆಡ್ಲಿ ಮತ್ತು ಸ್ಲೊಬೊಡಾನ್ ಚುಕ್ 1991ರಲ್ಲಿ ಮಂಡಿಸಿದ ಒಂದೇ ಆವರ್ತದ ನಿಯಂತ್ರಣದಲ್ಲಿ ಪ್ರತಿ ಪಲ್ಸಿನ ವಿಸ್ತೀರ್ಣವನ್ನು ಅಳೆಯುತ್ತಾ ಹೋಗಿ ಬೇಕಾದಷ್ಟಾದ ಕೂಡಲೇ ಸ್ವಿಚ್ ಬಿಡುತ್ತಾರೆ. ಸಪ್ಲೈ ಹೆಚ್ಚಿದ್ದರೆ ವಿಸ್ತೀರ್ಣ ಬೇಗ ತುಂಬುತ್ತದೆ, ಪಲ್ಸು ತಾನಾಗಿ ಗಿಡ್ಡವಾಗುತ್ತದೆ. ಡಿಜಿಟಲ್ ಪಲ್ಸಿನವರಿಗೆ ಇದು ದಕ್ಕಲಿಲ್ಲ, ಅವರಲ್ಲಿ ಹೋಲಿಸಲು ಅನಲಾಗ್ ಧ್ವನಿಯೇ ಇರಲಿಲ್ಲ. 1998ರ ಟ್ಯಾಕ್ಟ್ ಮಿಲೇನಿಯಂ ಆಂಪ್ಲಿಫೈಯರು ಫೀಡ್‌ಬ್ಯಾಕ್ ಇಲ್ಲದೆಯೇ ನಡೆಯಿತು, ಸಪ್ಲೈಯ ವೋಲ್ಟೇಜನ್ನೇ ಬದಲಿಸಿ ಧ್ವನಿಯ ಮಟ್ಟವನ್ನು ಹೊಂದಿಸುವ ಜಾಣತನ ಅದರದು. ಗುಣಾಕಾರವನ್ನು ದೋಷವೆನ್ನದೆ ಕೆಲಸಕ್ಕೆ ಹಚ್ಚಿದ ಉದಾಹರಣೆ ಅದು, ಆದರೆ ಅದಕ್ಕೆ ಬಲು ಶುದ್ಧವಾದ, ದುಬಾರಿ ಸಪ್ಲೈ ಬೇಕು. ಡೆನ್ಮಾರ್ಕಿನ ಕಾರ್ಸ್ಟನ್ ನೀಲ್ಸನ್ ಅದೇ ಕಾಲದಲ್ಲಿ ನಡುದಾರಿಯೊಂದನ್ನು ತೋರಿಸಿದರು: ಬಂದ ಡಿಜಿಟಲ್ ಪಲ್ಸನ್ನೇ ಮಾದರಿಯಾಗಿಟ್ಟುಕೊಂಡು, ಹೊರಗಿನ ಪಲ್ಸು ಅದಕ್ಕೆ ಹೊಂದುವಂತೆ ಅಂಚುಗಳನ್ನು ತುಸು ತಡೆಯುವುದು. ಝೀಟೆಕ್ಸ್ ಕಂಪನಿ ರೂಪಿಸಿದ, 2009ರ ನ್ಯಾಡ್ ಎಂ2 ಆಂಪ್ಲಿಫೈಯರಿನಲ್ಲಿ ಕಾಣಿಸಿಕೊಂಡ ನೇರ ಡಿಜಿಟಲ್ ಫೀಡ್‌ಬ್ಯಾಕಿನ ಗುರಿಯೂ ಇದೇ ಆಗಿತ್ತು.

ಇಷ್ಟೆಲ್ಲ ಯಾಕೆ, ಸಪ್ಲೈಯನ್ನೇ ರೆಗ್ಯುಲೇಟ್ ಮಾಡಿದರೆ ಆಗದೆ ಎನ್ನುವವರಿದ್ದಾರೆ. ಆಗುತ್ತದೆ, ಲೈನಿನ ಏರಿಳಿತ ಮತ್ತು 100 ಹರ್ಟ್ಸಿನ ಮಟ್ಟಿಗೆ. ಆದರೆ ಡೊಳ್ಳಿನ ಒಂದು ಹೊಡೆತಕ್ಕೆ ಆಂಪ್ಲಿಫೈಯರು ಎಳೆಯುವ ಕರೆಂಟಿನಿಂದಲೇ ರೈಲು ಕುಸಿಯುವುದುಂಟು. ಆಗ ಧ್ವನಿ ತನ್ನನ್ನೇ ಗುಣಿಸಿಕೊಳ್ಳುತ್ತದೆ. ಅಷ್ಟು ಬೇಗ ಚೇತರಿಸಿಕೊಳ್ಳುವ ರೆಗ್ಯುಲೇಟರಿನ ಬೆಲೆ ತಿದ್ದುಪಡಿಯ ಮಂಡಲದ ಬೆಲೆಗಿಂತ ಹೆಚ್ಚು. ಕಿವಿಗೆ ಕೇಳುತ್ತದೆಯೇ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. 40 ಡೆಸಿಬೆಲ್ ಕೆಳಗಿನ 900 ಹರ್ಟ್ಸನ್ನು 1000 ಹರ್ಟ್ಸಿನ ಗಟ್ಟಿ ಸ್ವರ ಬಹುಮಟ್ಟಿಗೆ ಮುಚ್ಚಿಬಿಡುತ್ತದೆ, ಒಪ್ಪಬೇಕು. ಒಳ್ಳೆಯ ಸಪ್ಲೈ ಇರುವ ಮನೆಯಲ್ಲಿ ತಿದ್ದುಪಡಿಯ ಲಾಭ ಕಿವಿಗಿಂತ ಮೀಟರಿಗೇ ಹೆಚ್ಚು. ಅದರ ನಿಜವಾದ ಬಳಕೆ ಇರುವುದು ಸಣ್ಣ ಕೆಪಾಸಿಟರಿನ ಅಗ್ಗದ ಸಪ್ಲೈ, ದೂರದ ಲೈನು, ಜನರೇಟರು ಇರುವಲ್ಲಿ. ಅಲ್ಲಿ ರಿಪಲ್ ಶೇ 2ಕ್ಕೆ ನಿಲ್ಲುವುದಿಲ್ಲ.

ಯಾವ ತಿದ್ದುಪಡಿಯೂ ಇಲ್ಲದ ವೋಲ್ಟೇಜನ್ನು ಹುಟ್ಟಿಸಲಾರದು. 50 ವೋಲ್ಟಿನ ರೈಲಿನಲ್ಲಿ 48 ವೋಲ್ಟಿನ ಶಿಖರ ನುಡಿಯುವಾಗ ಪಲ್ಸಿನ ಅಗಲ ಆಗಲೇ ಶೇ 96. ರೈಲು 45ಕ್ಕೆ ಇಳಿದರೆ ಶೇ 107 ಬೇಕಾಗುತ್ತದೆ, ಅಂಥ ಪಲ್ಸು ಇಲ್ಲ. ಆಗ ಶಿಖರ 45ರಲ್ಲಿ ಚಪ್ಪಟೆಯಾಗುತ್ತದೆ. ತಿದ್ದುಪಡಿ ಇಲ್ಲದ ಯಂತ್ರದಲ್ಲಿ ಅದೇ ಸ್ವರ 43 ವೋಲ್ಟಿಗೆ ಕುಗ್ಗಿದರೂ ಆಕಾರ ಕೆಡದೆ ಹೊರಬರುತ್ತಿತ್ತು. ಹಾಗಾಗಿ ತಿದ್ದುಪಡಿ ಇರುವ ಯಂತ್ರದ ವಾಲ್ಯೂಮನ್ನು ಲೈನಿನ ಅತಿ ಕಡಿಮೆ ವೋಲ್ಟೇಜಿಗೆ ಲೆಕ್ಕ ಹಾಕಿ ಇಡಬೇಕಾಗುತ್ತದೆ, ಅಥವಾ ಶಿಖರವನ್ನು ಮೆತ್ತಗೆ ತಗ್ಗಿಸುವ ಲಿಮಿಟರನ್ನು ರೈಲಿನ ಅಳತೆಗೆ ಜೋಡಿಸಬೇಕಾಗುತ್ತದೆ.