ರೈಫಲ್ ಕ್ಲಬ್ಬಿಗೆ ದಿಲ್ಲಿಯ ನಂಟೇಕೆ?

ನಮ್ಮ ಪಾರ್ಲೆಯ ಕನ್ನಡ ಮನೆಗಳ ಮಕ್ಕಳು ಈಗ ಸಂಗೀತ, ಭರತನಾಟ್ಯಗಳ ಜೊತೆಗೆ ಏರ್ ರೈಫಲ್ ಕಲಿಯಲೂ ಹೋಗುತ್ತಾರೆ. ಶುಲ್ಕ ಕಟ್ಟುವ ತಾಯಿತಂದೆಯರಿಗೆ ಒಂದು ಸಂಶಯ. ಹತ್ತು ಜನ ಸೇರಿ ಗುರಿ ಹೊಡೆಯುವ ಕ್ಲಬ್ಬು ರಾಜ್ಯ ಸಂಸ್ಥೆ, ರಾಷ್ಟ್ರೀಯ ಸಂಸ್ಥೆ ಎಂದು ಮೇಲಿನವರ ಹಂಗಿಗೆ ಏಕೆ ಬೀಳಬೇಕು? ವಂತಿಗೆ ತೆತ್ತು ಅವರ ನಿಯಮಗಳಿಗೆ ತಲೆಬಾಗುವುದರಿಂದ ಬರುವ ಲಾಭವೇನು?

ಯಾವ ಸಂಸ್ಥೆಯ ಹಂಗೂ ಇಲ್ಲದೆ ಗುರಿಕಾರಿಕೆ ಬಾಳಿದ ನಾಡು ನಮ್ಮಲ್ಲೇ ಇದೆ. 1857ರ ದಂಗೆಯ ತರುವಾಯ ಬ್ರಿಟಿಷರು ಜನರ ಆಯುಧಗಳನ್ನು ಕಸಿದುಕೊಳ್ಳತೊಡಗಿದಾಗ, ಮೈಸೂರು-ಕೊಡಗುಗಳ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ವಿನಾಯಿತಿ ಇತ್ತನು. (ಬೆಂಗಳೂರಿನ ಕಬ್ಬನ್ ಪಾರ್ಕು ಇವನ ಹೆಸರಿನದೇ.) 1959ರ ಆಯುಧ ಕಾಯಿದೆ ಬಂದ ಮೇಲೂ 1963ರ ಅಧಿಸೂಚನೆಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ಹಕ್ಕು ಉಳಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್ ಪೋದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು. ಕಾಯಿ ಒಡೆದರೆ ಊರೇ ಸಾಕ್ಷಿ, ಅಂಕಪಟ್ಟಿ ಕೇಳುವವರಿಲ್ಲ. ಆದರೆ ಆ ಕೀರ್ತಿ ಊರಿನ ಗಡಿ ದಾಟುವುದೂ ಇಲ್ಲ.

ಇನ್ನು ಸುಮಾ ಶಿರೂರ್ ಅವರನ್ನು ನೋಡಿರಿ. ಹುಟ್ಟಿದ್ದು 1974ರಲ್ಲಿ, ಚಿಕ್ಕಬಳ್ಳಾಪುರದಲ್ಲಿ. ಕೈ ಪಳಗಿದ್ದು ನಮ್ಮ ವರ್ಳಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್ನಿನಲ್ಲಿ. ಹತ್ತು ಮೀಟರ್ ಏರ್ ರೈಫಲ್ಲಿನಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರಿಯ ಅರ್ಧ ಮಿಲಿಮೀಟರ್. 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಅವರು 40 ಗುಂಡುಗಳಿಗೆ 400 ಅಂಕ ಪಡೆದು ವಿಶ್ವದಾಖಲೆಯನ್ನು ಸರಿಗಟ್ಟಿದರು. ಅದೇ 400 ಅಂಕ ಯಾವ ಸಂಸ್ಥೆಗೂ ಸೇರದ ಕ್ಲಬ್ಬಿನ ಅಂಗಳದಲ್ಲಿ ಬಂದಿದ್ದರೆ, ಚಪ್ಪಾಳೆ ಮತ್ತು ಸಂಜೆಯ ಚಹಾದೊಡನೆ ಮುಗಿದುಹೋಗುತ್ತಿತ್ತು.

ಈ ಲೆಕ್ಕದ ಸರಪಣಿಯ ನಡುಗೊಂಡಿ ನ್ಯಾಶನಲ್ ರೈಫಲ್ ಅಸೋಸಿಯೇಶನ್. ಅದನ್ನು 1951ರಲ್ಲಿ ಕಟ್ಟಿ ಮೊದಲ ಅಧ್ಯಕ್ಷರಾದವರು ಜಿ. ವಿ. ಮಾವಳಂಕರ್, ಲೋಕಸಭೆಯ ಮೊದಲ ಸಭಾಧ್ಯಕ್ಷರೂ ಅವರೇ. ರಾಷ್ಟ್ರೀಯ ಸ್ಪರ್ಧೆಗೆ ಮೆಟ್ಟಿಲಾದ ಪಂದ್ಯಾವಳಿ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತದೆ. ಕ್ಲಬ್ಬು ರಾಜ್ಯ ಸಂಸ್ಥೆಗೆ, ರಾಜ್ಯ ಸಂಸ್ಥೆ ರಾಷ್ಟ್ರೀಯ ಸಂಸ್ಥೆಗೆ, ಅದು 1907ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟಕ್ಕೆ. ಕೇಂದ್ರ ಸರಕಾರದ ಕಡತಗಳಲ್ಲಿ ಕೂದಲು ನರೆಸಿಕೊಂಡ ನಮಗೆ ಈ ಏಣಿ ಹೊಸದಲ್ಲ: ‘ಯೋಗ್ಯ ಮಾರ್ಗದ ಮೂಲಕ’ ಎಂದು ಬರೆಯದ ಅರ್ಜಿ ಮುಂದಿನ ಮೇಜಿಗೆ ಹೋಗುವುದಿಲ್ಲ.

ಏಣಿಯ ಮೇಲಿದ್ದವರು ಕಾದಾಡಿದರೆ ಕೆಳಗಿದ್ದವರಿಗೆ ಪೆಟ್ಟು, ಇದೂ ನಿಜ. ಚುನಾವಣೆಯ ಗೊಂದಲದಿಂದ 2012ರ ಡಿಸೆಂಬರಿನಲ್ಲಿ ಭಾರತದ ಒಲಿಂಪಿಕ್ ಸಂಸ್ಥೆಯೇ ಅಮಾನತಾಯಿತು. 2014ರ ಫೆಬ್ರುವರಿಯಲ್ಲಿ ಸೋಚಿಯ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯ ದಿನ ನಮ್ಮ ಕ್ರೀಡಾಪಟುಗಳು ತ್ರಿವರ್ಣ ಧ್ವಜವಿಲ್ಲದೆ ನಡೆದರು. ಅವರು ಮಾಡಿದ ತಪ್ಪೇನು?

ಆದರೂ ನಾವು ಸೇರುವವರ ಪಕ್ಷ. ಮೇಲಿನವರೊಡನೆ ಸೇರಿದರೆ ನಮ್ಮತನ ಹೋಗುತ್ತದೆಂಬ ಅಳುಕು ಹಳೆಯದು. ಪಾರ್ಲೆಯೂ 1950ರಲ್ಲಿ ಮುಂಬಯಿ ಮಹಾನಗರಪಾಲಿಕೆಯೊಳಗೆ ಸೇರಿತು. ಪಾರ್ಲೆಕರರ ಠೀವಿ ಅದರಿಂದೇನೂ ಕುಗ್ಗಿಲ್ಲ. ಕೇವಲ ಸಂತೋಷಕ್ಕಾಗಿ ಆಡುವ ಗೆಳೆಯರ ಗುಂಪಿಗೆ ಈ ಸಂಬಂಧ ಬೇಡದಿರಬಹುದು. ಮಕ್ಕಳಿಂದ ವರ್ಷದ ಶುಲ್ಕ ಪಡೆದು ಪದಕದ ಆಸೆ ಹುಟ್ಟಿಸುವ ಕ್ಲಬ್ಬಿಗೆ ಆ ಸ್ವಾತಂತ್ರ್ಯವಿಲ್ಲ. ಹದಿಮೂರರ ಹುಡುಗಿ ಮೂರು ವರ್ಷ ಬೆವರು ಹರಿಸಿದ ಮೇಲೆ, ಅವಳ ಅಂಕಗಳು ರಾಜ್ಯ ಸ್ಪರ್ಧೆಗೆ ಸಲ್ಲುವುದಿಲ್ಲವೆಂದು ತಿಳಿಸಿದರೆ ಆ ಮೂರು ವರ್ಷಗಳನ್ನು ಹಿಂದಿರುಗಿಸುವವರಾರು? ಆದುದರಿಂದ ರಸೀದಿ ಪಡೆಯುವ ಮುನ್ನವೇ ಮಾನ್ಯತೆಯ ಪತ್ರವನ್ನು ಕೇಳಿ ನೋಡಿರಿ. ಅದು ಯಾವ ವರ್ಷದ್ದು, ನವೀಕರಣವಾಗಿದೆಯೆ ಎಂಬುದನ್ನೂ ಓದಿರಿ.