ಕಿರಿಗುಂಡು, ಹಿರಿಬೇಟೆ: ಚಿತ್ರದುರ್ಗ ಸೀಮೆಯ ಕೋವಿ-ತೋಟಾಗಳ ಚರಿತ್ರೆ

ಚಿತ್ರದುರ್ಗದ ಕೋಟೆ ಹತ್ತಿದವರು ಮದ್ದು ಬೀಸುವ ಕಲ್ಲುಗಳನ್ನು ನೋಡದೆ ಇಳಿಯುವುದಿಲ್ಲ. ಪಾಳೆಯಗಾರರ ಕಾಲದಲ್ಲಿ ಪೆಟ್ಲುಪ್ಪು, ಇದ್ದಿಲು, ಗಂಧಕಗಳನ್ನು ಅರೆದು ಕೋವಿಮದ್ದು ಮಾಡುತ್ತಿದ್ದುದು ಆ ಭಾರಿ ಕಲ್ಲುಗಳಲ್ಲೇ ಎಂದು ಊರಿನವರು ಹೇಳುತ್ತಾರೆ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು. ದುರ್ಗದ ನಾಯಕರು ಹೋದರೂ ಕರಿಮದ್ದು ಹೋಗಲಿಲ್ಲ. ಮುಂದಿನ ನೂರು ವರ್ಷಕ್ಕೂ ಹೆಚ್ಚು ಕಾಲ ಸೈನಿಕನ ಬಂದೂಕೂ ಶಿಕಾರಿಯ ಕೋವಿಯೂ ಅದನ್ನೇ ನಂಬಿಕೊಂಡಿದ್ದವು. ಸಣ್ಣ ಗುಂಡಿನಿಂದ ದೊಡ್ಡ ಪ್ರಾಣಿಯನ್ನು ಕೆಡವಬಹುದೇ ಎಂಬ ಪ್ರಶ್ನೆ ಗಂಭೀರವಾಗಿ ಎದ್ದದ್ದು ಆ ಮದ್ದಿನ ಯುಗ ಮುಗಿದ ಮೇಲೆ.

ಈ ಪ್ರಶ್ನೆಯ ಚರಿತ್ರೆಯನ್ನು ಬರೆದವರೆಲ್ಲ ಆಫ್ರಿಕದ ಆನೆಗಳನ್ನೂ ಕುಮಾವೂನಿನ ಹುಲಿಗಳನ್ನೂ ಮುಂದಿಟ್ಟುಕೊಂಡೇ ಬರೆದಿದ್ದಾರೆ. ಹಿರಿಯೂರಿನ ಕಾವಲಿನಲ್ಲೋ ಹೊಳಲ್ಕೆರೆಯ ಗುಡ್ಡದಲ್ಲೋ ನಿಂತು ನೋಡಿದರೆ ಕಾಣುವ ಚಿತ್ರ ಬೇರೆ. ಇಲ್ಲಿ ತೋಟಾವನ್ನು ಆರಿಸಿದ್ದು ಬೇಟೆಗಾರನ ವಿವೇಚನೆಗಿಂತ ಹೆಚ್ಚಾಗಿ ಬಯಲಿನ ದೂರ ಮತ್ತು ಸರ್ಕಾರದ ಪರವಾನಗಿ ಎಂಬುದು ಈ ಲೇಖನದ ವಾದ.

ಕರಿಮದ್ದಿನ ಮಿತಿಯಿಂದಲೇ ತೊಡಗಬೇಕು. ಅದರಿಂದ ಸೀಸದ ಗುಂಡಿಗೆ ಸಿಗುವ ವೇಗ ಸೆಕೆಂಡಿಗೆ ಹೆಚ್ಚೆಂದರೆ ಸಾವಿರದ ಐನೂರು ಅಡಿಯ ಆಸುಪಾಸು. ಎಕ್ಸ್‌ಪ್ರೆಸ್ ರೈಫಲ್‌ಗಳು ಹಗುರ ಗುಂಡಿಗೆ ಮದ್ದು ಹೆಚ್ಚು ತುಂಬಿ ಅದಕ್ಕಿಂತ ಸ್ವಲ್ಪ ಮುಂದೆ ಹೋದವು, ಅಷ್ಟೆ. ವೇಗ ಹೆಚ್ಚಿಸಲಾಗದವನು ತೂಕ ಹೆಚ್ಚಿಸಬೇಕು, ತೂಕಕ್ಕೆ ನಳಿಗೆ ಅಗಲವಾಗಬೇಕು. ಕೋವಿಯನ್ನು ಬೋರ್ ಲೆಕ್ಕದಲ್ಲಿ ಅಳೆಯುವ ಪದ್ಧತಿ ಈ ತೂಕದ ಲೆಕ್ಕವೇ: ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಎರೆದರೆ ಅದರಲ್ಲಿ ಒಂದು ಹಿಡಿಸುವ ನಳಿಗೆ ಹನ್ನೆರಡು ಬೋರ್, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಎಂಟು ಬೋರಿನ ಗುಂಡು 57 ಗ್ರಾಂ, ನಾಲ್ಕು ಬೋರಿನದು 113 ಗ್ರಾಂ.

ಮೈಸೂರು ಸೀಮೆಯಲ್ಲಿ ಈ ದೊಡ್ಡ ಬೋರಿನ ಪಂಥದ ಹೆಸರಾಂತ ಪ್ರತಿನಿಧಿ ಜಿ. ಪಿ. ಸ್ಯಾಂಡರ್ಸನ್. ನಾಲೆಗಳ ಉಸ್ತುವಾರಿಯಲ್ಲಿದ್ದವನು ಆನೆ ಹಿಡಿಯುವ ಖೆಡ್ಡಾ ಕಟ್ಟಿ ಖ್ಯಾತನಾದ. 1878ರಲ್ಲಿ ಬಂದ ಅವನ ‘ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಪುಸ್ತಕದಲ್ಲಿ ನಾಲ್ಕು ಬೋರು, ಎಂಟು ಬೋರಿನ ಭಾರಿ ರೈಫಲ್‌ಗಳದೇ ಮೇಲುಗೈ. ಅವನ ಓಡಾಟದ ನೆಲ ಚಾಮರಾಜನಗರ, ಬಿಳಿಗಿರಿರಂಗನ ಬೆಟ್ಟದ ಕಾಡು. ಬಿದಿರುಮೆಳೆಯ ನಡುವೆ ಇಪ್ಪತ್ತು ಮೂವತ್ತು ಹೆಜ್ಜೆಯಲ್ಲಿ ಆನೆಯನ್ನೋ ಕಾಟಿಯನ್ನೋ ಎದುರಿಸುವವನಿಗೆ ಗುಂಡು ಎಷ್ಟು ದೂರ ಹೋಗುತ್ತದೆಂಬ ಚಿಂತೆ ಇರಲಿಲ್ಲ. ಸ್ಯಾಂಡರ್ಸನ್ನನ ಮಾತು ಆ ಕಾಡಿಗೆ ಸರಿ. ಅದನ್ನೇ ಇಡೀ ಮೈಸೂರಿಗೆ ಅನ್ವಯಿಸಿಕೊಂಡದ್ದು ಮುಂದೆ ಬಂದ ಶಿಕಾರಿ ಬರಹಗಾರರ ಸೋಮಾರಿತನ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ; 1886ರ ಲೆಬೆಲ್ ರೈಫಲ್ ಅದನ್ನು ಬಳಸಿತು. ಬ್ರಿಟಿಷರು 1888ರಲ್ಲಿ .303 ಕ್ಯಾಲಿಬರಿನ ಲೀ-ಮೆಟ್‌ಫರ್ಡ್ ತಂದರು, 1891ರಿಂದ ಅದರ ತೋಟಾಕ್ಕೆ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ತುಂಬತೊಡಗಿದರು. ನಳಿಗೆ 7.7 ಮಿಲಿಮೀಟರಿಗೆ ಇಳಿಯಿತು, ಗುಂಡು 215 ಗ್ರೇನಿಗೆ, ಎಂದರೆ ಹದಿನಾಲ್ಕು ಗ್ರಾಮಿಗೆ ಇಳಿಯಿತು. ವೇಗ ಸೆಕೆಂಡಿಗೆ ಎರಡು ಸಾವಿರ ಅಡಿಗೆ ಏರಿತು. ಹನ್ನೆರಡು ಬೋರಿನ ಗುಂಡಿನ ಅರ್ಧ ತೂಕವೂ ಇಲ್ಲದ ಈ ಕಡ್ಡಿಯಂಥ ಗುಂಡನ್ನು ಹಳೆಯ ಶಿಕಾರಿಗಳು ನಂಬಲಿಲ್ಲ. ಅವರ ಅನುಮಾನಕ್ಕೆ ರಣರಂಗದಿಂದಲೇ ಸಾಕ್ಷಿ ಸಿಕ್ಕಿತು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ .303ರ ಪೂರ್ಣ ಲೋಹಕವಚದ ಗುಂಡು ದೇಹವನ್ನು ತೂರಿಕೊಂಡು ಹೋಗುತ್ತದೆಯೇ ಹೊರತು ಎದುರಾಳಿಯನ್ನು ನಿಲ್ಲಿಸುವುದಿಲ್ಲ ಎಂದು ಸಿಪಾಯಿಗಳು ದೂರಿದರು. ಕಲ್ಕತ್ತದ ಹತ್ತಿರ ಡಂಡಂ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಗುಂಡಿನ ಮೂತಿಯಲ್ಲಿ ಕವಚ ಬಿಟ್ಟು ಸೀಸವನ್ನು ಹೊರಗೆ ಕಾಣುವಂತೆ ಮಾಡಿದ. ಮೈಗೆ ತಾಗಿದೊಡನೆ ಆ ಸೀಸ ಅಣಬೆಯಂತೆ ಅರಳುತ್ತಿತ್ತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇಂಥ ಗುಂಡನ್ನು ನಿಷೇಧಿಸಿತು. ಬೇಟೆಗೆ ಆ ನಿಷೇಧ ತಟ್ಟಲಿಲ್ಲ. ಮನುಷ್ಯರ ಮೇಲೆ ಬಳಸಬಾರದೆಂದದ್ದು ಚಿರತೆ, ಕರಡಿ, ಹಂದಿಗಳ ಪಾಲಿಗೆ ‘ಸಾಫ್ಟ್‌ನೋಸ್’ ಎಂಬ ಹೆಸರಿನಲ್ಲಿ ಅಂಗಡಿಯ ಸರಕಾಯಿತು.

ಗುಂಡಿನ ಅಗಲದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಅದರ ರಚನೆ ಮುಖ್ಯ ಎಂಬ ತಿಳಿವಳಿಕೆ ಹುಟ್ಟಿದ್ದು ಇಲ್ಲಿಂದ. ಅದನ್ನು ಕೊನೆಮುಟ್ಟ ಎಳೆದವನು ಡಬ್ಲ್ಯು. ಡಿ. ಎಂ. ಬೆಲ್. ಆಫ್ರಿಕದಲ್ಲಿ ಅವನು ಕೊಂದ ಸಾವಿರಕ್ಕೂ ಮಿಕ್ಕ ಆನೆಗಳಲ್ಲಿ ಬಹುಪಾಲು ಬಿದ್ದದ್ದು .275 ರಿಗ್ಬಿ, ಅಂದರೆ 7 ಮಿಲಿಮೀಟರ್ ಮೌಸರ್ ತೋಟಾದ ಗಟ್ಟಿ ಕವಚದ ಗುಂಡಿಗೆ. ಸಣ್ಣ ಅಡ್ಡಳತೆ, ಉದ್ದನೆಯ ಮೈ, ಅರಳದ ಮೂತಿ. ಅದು ತಲೆಬುರುಡೆಯೊಳಗೆ ನೇರ ಸಾಗಿ ಮೆದುಳು ಮುಟ್ಟುತ್ತಿತ್ತು. ಬೆಲ್ ಆನೆಯ ಅಂಗರಚನೆಯನ್ನು ಬಲ್ಲವನು, ಗುರಿಯಲ್ಲಿ ಅಸಾಧಾರಣ. ಅವನ ತೋಟಾವನ್ನು ಕೊಳ್ಳಬಹುದಾಗಿತ್ತು, ಅವನ ಕೈಯನ್ನಲ್ಲ. ಕುಮಾವೂನಿನ ಹುಲಿ ಶಿಕಾರಿ ಜಿಮ್ ಕಾರ್ಬೆಟ್‌ನ ಬಳಿಯೂ ರಿಗ್ಬಿ .275 ಇತ್ತು, 1907ರಲ್ಲಿ ಚಂಪಾವತದ ನರಭಕ್ಷಕಿಯನ್ನು ಕೊಂದದ್ದಕ್ಕೆ ಬಂದ ಉಡುಗೊರೆ ಅದು. ಅವನೇ ಆಗಾಗ .450/400 ಜೋಡುನಳಿಗೆಯ ರೈಫಲನ್ನೂ ಹೊರುತ್ತಿದ್ದನೆಂಬುದನ್ನು ಸಣ್ಣ ಗುಂಡಿನ ಅಭಿಮಾನಿಗಳು ಮರೆಯುತ್ತಾರೆ. ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಕನ್ನಡದ ಓದುಗರಿಗೆ ಪರಿಚಿತನಾದ ಕೆನೆತ್ ಆಂಡರ್ಸನ್ ನೆಚ್ಚಿದ್ದು ವಿಂಚೆಸ್ಟರ್ .405ನ್ನು: ಮುನ್ನೂರು ಗ್ರೇನಿನ ಗುಂಡು, ಎರಡು ಸಾವಿರದ ಇನ್ನೂರು ಅಡಿ ವೇಗ. ದೊಡ್ಡದೂ ಅಲ್ಲದ, ಕಿರಿದೂ ಅಲ್ಲದ ಮಧ್ಯಮ ಆಯ್ಕೆ.

ಈಗ ನಮ್ಮ ಚಿತ್ರದುರ್ಗ ಸೀಮೆಯ ನೆಲಕ್ಕೆ ಬರೋಣ. ಹಿರಿಯೂರು, ಹೊಸದುರ್ಗಗಳ ಕಡೆಯಿಂದ ಚಿತ್ರದುರ್ಗದ ಜೋಗಿಮಟ್ಟಿಯವರೆಗೆ ಗುಡ್ಡಸಾಲು ವಾಯವ್ಯಕ್ಕೆ ಹಬ್ಬಿದೆ; 1898ರಿಂದ 1907ರ ನಡುವೆ ವೇದಾವತಿಗೆ ಅಡ್ಡ ಕಟ್ಟಿದ ಮಾರಿಕಣಿವೆ ಅಣೆಕಟ್ಟು ಇರುವುದು ಇದೇ ಸಾಲಿನ ಬಿರುಕಿನಲ್ಲಿ. ಗುಡ್ಡದಲ್ಲಿ ಕುರುಚಲು, ಬಂಡೆ, ಗವಿ. ಚಿರತೆ ಕರಡಿಗಳ ಮನೆ. ಗುಡ್ಡದ ಆಚೀಚೆ ಅಮೃತಮಹಲ್ ಕಾವಲುಗಳ ಹುಲ್ಲುಬಯಲು, ಎರೆಹೊಲ. ಕೃಷ್ಣಮೃಗ, ತೋಳಗಳ ನೆಲೆ. ಹಿರಿಯೂರಿಗೆ ತಾಗಿದ ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು ಇಂದು ಚಿಂಕಾರಾ ಅಭಯಾರಣ್ಯ. ಆನೆಯಾಗಲಿ ಕಾಟಿಯಾಗಲಿ ಈ ಸೀಮೆಯ ಬೇಟೆಯಲ್ಲ. ಇಲ್ಲಿ ‘ಹಿರಿಬೇಟೆ’ ಎಂದರೆ ಐವತ್ತು ಅರವತ್ತು ಕಿಲೋ ತೂಗುವ ಚಿರತೆ, ನೂರು ಕಿಲೋ ದಾಟುವ ಕರಡಿ, ಹೊಲಕ್ಕೆ ನುಗ್ಗುವ ಹಂದಿ.

ಬಯಲಿನ ಒಂದು ಲೆಕ್ಕ ನೋಡಿ. ಕಾವಲಿನಲ್ಲಿ ಮರೆಯಿಲ್ಲ, ಇನ್ನೂರು ಗಜಕ್ಕಿಂತ ಹತ್ತಿರ ಹೋಗುವುದೇ ಕಷ್ಟ. .303ರ ಗುಂಡು ಅಷ್ಟು ದೂರ ಸಾಗಲು ಸೆಕೆಂಡಿನ ಮೂರನೆಯ ಒಂದು ಭಾಗ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ನೆಲದ ಸೆಳೆತಕ್ಕೆ ಅರ್ಧ ಮೀಟರಿಗಿಂತ ತುಸು ಹೆಚ್ಚು ಇಳಿಯುತ್ತದೆ, ಅದನ್ನು ರೈಫಲಿನ ಗುರಿಪಟ್ಟಿಯಲ್ಲಿ ಸರಿಪಡಿಸಬಹುದು. ದುಂಡನೆಯ ಸೀಸದ ಗುಂಡು ಗಾಳಿಯಲ್ಲಿ ಬೇಗ ಸುಸ್ತಾಗಿ ಅದೇ ದೂರದಲ್ಲಿ ಒಂದೂವರೆ ಮೀಟರಿಗೂ ಹೆಚ್ಚು ಇಳಿಯುತ್ತದೆ. ಕೃಷ್ಣಮೃಗದ ಎದೆಯ ಆಳವೇ ಒಂದಡಿ. ಅಂದಾಜು ಹತ್ತಿಪ್ಪತ್ತು ಗಜ ತಪ್ಪಿದರೆ ಈಡೂ ತಪ್ಪಿತು, ಇಲ್ಲವೆ ಕಾಲು ಮುರಿದುಕೊಂಡ ಮೃಗ ಓಡಿತು. ಮೈಸೂರು ಅರಣ್ಯ ಇಲಾಖೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದ ಸಿ. ಇ. ಎಂ. ರಸೆಲ್ 1900ರಲ್ಲಿ, ಹೊಸಬರಿಗೆ ಸಲಹೆಗಳನ್ನೂ ಸೇರಿಸಿ ಬರೆದ ಶಿಕಾರಿ ಗ್ರಂಥದ ಹೆಸರಿನಲ್ಲೇ ಕಾಡು, ಬಯಲು, ಬೆಟ್ಟ ಮೂರೂ ಬೇರೆ ಬೇರೆಯಾಗಿ ಬಂದಿವೆ. ಸ್ಯಾಂಡರ್ಸನ್ನನ ಕಾಡು ದೊಡ್ಡ ಬೋರನ್ನು ಕೇಳಿದರೆ ದುರ್ಗದ ಬಯಲು ಸಣ್ಣ ಬೋರಿನ ವೇಗದ ರೈಫಲನ್ನು ಕೇಳುತ್ತಿತ್ತು.

ಗುಡ್ಡದ ಕರಡಿಯ ಮಾತು ಬೇರೆ. ಅದರ ಮೈಯ ಅರ್ಧ ಆಕಾರ ಕೂದಲಿನದು. ಮಬ್ಬಿನಲ್ಲಿ ನಡುಮೈಗೆ ಗುರಿಯಿಟ್ಟವನ ಗುಂಡು ಬರೀ ರೋಮ ಹರಿದುಕೊಂಡು ಹೋದದ್ದುಂಟು. ಎದೆಯ ಬಿಳಿ ಪಟ್ಟೆ ಕಾಣುವವರೆಗೆ ಕಾಯಬೇಕು, ಕಾಯುವಷ್ಟರಲ್ಲಿ ಅದು ಮೈಮೇಲೆ ಬಂದಿರುತ್ತದೆ. ಹೊಸದುರ್ಗಕ್ಕೆ ಅಷ್ಟೇನೂ ದೂರವಲ್ಲದ ಅರಸೀಕೆರೆ ಕಡೆಯ ಕರಡಿಯೊಂದರ ಕಥೆಯನ್ನು ಆಂಡರ್ಸನ್ ಬರೆದಿದ್ದಾನೆ. ಓದಿದವರಿಗೆ ಈ ಪ್ರಾಣಿಯ ಸಿಟ್ಟಿನ ಪರಿಚಯವಿರುತ್ತದೆ. ಹತ್ತು ಹೆಜ್ಜೆಯಲ್ಲಿ ಬೇಕಾದದ್ದು ಅರಳುವ ಭಾರದ ಗುಂಡು. ಇಲ್ಲಿ .22 ರಿಮ್‌ಫೈರ್‌ನಂಥ ಎರಡೂವರೆ ಗ್ರಾಂ ಗುಂಡು ಬರೀ ಕ್ರೌರ್ಯ.

ಇಷ್ಟೆಲ್ಲ ಲೆಕ್ಕ ಹಾಕಿ ತೋಟಾ ಆರಿಸುವ ಭಾಗ್ಯ ಯಾರಿಗಿತ್ತು? ಅಧಿಕಾರಿಗೆ, ಅರಮನೆಯ ಅತಿಥಿಗೆ, ಒಂದಿಷ್ಟು ಜಮೀನ್ದಾರರಿಗೆ. ಅವರಿಗೂ ಸರ್ಕಾರದ ಅಂಕೆ ತಪ್ಪಿದ್ದಲ್ಲ. ದಂಗೆಕೋರರ ಕೈಗೆ ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್‌ಗಳಿಗೆ ಒದಗುವ ಗುಂಡು ಸಿಗಬಾರದೆಂದು ಬ್ರಿಟಿಷ್ ಸರ್ಕಾರ 1907ರ ಹೊತ್ತಿಗೆ .450 ಕ್ಯಾಲಿಬರನ್ನು ಭಾರತಕ್ಕೆ ತರುವುದನ್ನು ನಿಲ್ಲಿಸಿತು. ಇಂಗ್ಲೆಂಡಿನ ಕೋವಿ ತಯಾರಕರು .465, .470, .475 ಎಂದು ಅಳತೆಯನ್ನು ತುಸು ಸರಿಸಿ ಹೊಸ ತೋಟಾ ಹೊರತಂದರು. ಪ್ರಾಣಿಗೆ ಈ ಬದಲಾವಣೆಯಿಂದ ಏನೂ ವ್ಯತ್ಯಾಸವಾಗಲಿಲ್ಲ. ಅದು ಪೊಲೀಸ್ ಲೆಕ್ಕಾಚಾರ. ಸ್ವತಂತ್ರ ಭಾರತ .303ನ್ನು ನಿಷೇಧಿತ ಬೋರಿನ ಪಟ್ಟಿಯಲ್ಲೇ ಇಟ್ಟು, ಇಷಾಪುರದ ಕಾರ್ಖಾನೆಯ .315 ರೈಫಲನ್ನು ನಾಗರಿಕರಿಗೆ ಕೊಟ್ಟಿತು. ಆಸ್ಟ್ರಿಯದ ಹಳೆಯ 8 ಮಿಲಿಮೀಟರ್ ಮಾನ್‌ಲಿಷರ್ ತೋಟಾದ ವಂಶದ್ದು ಅದು. 244 ಗ್ರೇನಿನ ಸಾಫ್ಟ್‌ನೋಸ್ ಗುಂಡು. ಶಕ್ತಿಯಲ್ಲಿ .303ಕ್ಕೆ ಸಮಸಮ, ಚಿರತೆ ಹಂದಿಗಳಿಗೆ ಧಾರಾಳ ಸಾಕು. ಸೇನೆಯ ತೋಟಾ ಅದರೊಳಗೆ ಹೋಗದು ಎಂಬುದೇ ಅದರ ನಿಜವಾದ ಅರ್ಹತೆ.

ರೈತನ ಪಾಲಿಗೆ ಉಳಿದದ್ದು ಕೇಪಿನ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಪ್ರಕರಣ ಬೆಳೆ ರಕ್ಷಣೆಗೆಂದು ಮೂತಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕೆನ್ನುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳಮೈ ನುಣುಪಿನ ಬೇರೆ ಬಂದೂಕು. ರೈಫಲಿನ ಮಾತು ಅಲ್ಲಿ ಬರುವುದು ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ಇಲ್ಲವೆ ಏರ್ ರೈಫಲಿಗೆ ಮಾತ್ರ. ಹದಿಮೂರು ವರ್ಷದ ಮೇಲೆ 1972ರ ವನ್ಯಜೀವಿ ಕಾಯ್ದೆ ಬಂತು. ಅದರ 17ನೆಯ ಪ್ರಕರಣ ‘ಬಿಗ್ ಗೇಮ್’ ಪಟ್ಟಿಯ ಪ್ರಾಣಿಗಳನ್ನು ರೈಫಲಿನಿಂದಲೇ ಹೊಡೆಯಬೇಕು, ಒಂಟಿಗುಂಡಿನ ಶಾಟ್‌ಗನ್‌ಗೆ ಲೈಸೆನ್ಸಿನಲ್ಲಿ ವಿಶೇಷ ಅನುಮತಿ ಬೇಕು ಎಂದಿತು. ಕಡವೆ, ಜಿಂಕೆಗಳ ಜೊತೆ ಕಾಡುಹಂದಿಯೂ ಆ ಪಟ್ಟಿಯಲ್ಲಿತ್ತು. ಮೃಗ ನರಳದೆ ಸಾಯಲೆಂಬ ಕಾಳಜಿ ಈ ನಿಯಮದಲ್ಲಿ ನನಗೆ ಕಾಣುತ್ತದೆ: ಚರೆ ತಿಂದ ಹಂದಿ ಮೆಳೆಯಲ್ಲಿ ದಿನಗಟ್ಟಲೆ ಕೊಳೆತು ಸಾಯುತ್ತದೆ. ಆದರೆ ಒಂದು ಕಾಯ್ದೆ ರೈತನ ಕೈಗೆ ಕೊಟ್ಟ ಆಯುಧವನ್ನೇ ಇನ್ನೊಂದು ಕಾಯ್ದೆ ಅಯೋಗ್ಯವೆಂದಿತು. ಅದೇ ಪ್ರಕರಣ ನಾಯಿ ಬಿಟ್ಟು ಬೇಟೆಯಾಡುವುದನ್ನೂ ತಡೆಯಿತು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದಲ್ಲೇ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ನಾಡು ಇದು.

1991ರ ತಿದ್ದುಪಡಿ 17ನೆಯ ಪ್ರಕರಣವನ್ನೇ ಕಿತ್ತುಹಾಕಿತು. ಬೇಟೆಯ ಲೈಸೆನ್ಸೇ ಇಲ್ಲವಾದ ಮೇಲೆ ಯಾವ ಗುಂಡು ಎಂಬ ನಿಯಮಕ್ಕೆ ಕೆಲಸವಿರಲಿಲ್ಲ. ಈಗ ಪ್ರಾಣಿಯೊಂದನ್ನು ಹೊಡೆಯಬೇಕಾದರೆ 11ನೆಯ ಪ್ರಕರಣದಡಿ ಅಧಿಕಾರಿಯ ಲಿಖಿತ ಆದೇಶ ಬೇಕು. ಹಿರಿಯೂರಿನ ಶೇಂಗಾ ಹೊಲದಲ್ಲಿ, ಹೊಳಲ್ಕೆರೆಯ ಮೆಕ್ಕೆಜೋಳದಲ್ಲಿ ರಾತ್ರಿ ಹಂದಿ ಇಳಿದಾಗ ಲೈಸೆನ್ಸುದಾರ ರೈತ ಸಾಮಾನ್ಯವಾಗಿ ಗಾಳಿಗೆ ಈಡು ಹಾರಿಸುತ್ತಾನೆ. ಚುನಾವಣೆ ಘೋಷಣೆಯಾದೊಡನೆ ಆ ಕೋವಿಯೂ ಠಾಣೆ ಸೇರುತ್ತದೆ. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ಒಂದರ ಹಿಂದೊಂದು ಬಂದ ವರ್ಷದಲ್ಲಿ ಫಸಲಿನ ಕಾಲಕ್ಕೆ ಕೋವಿ ಮನೆಯಲ್ಲಿರುವುದೇ ಅದೃಷ್ಟ. ಹಾಗಾಗಿ ಹಂದಿಯ ಮೇಲೆ ಈಗ ಹೆಚ್ಚು ಬಳಕೆಯಾಗುತ್ತಿರುವುದು ಯಾವ ಬೋರಿಗೂ ಸೇರದವು: ಬೈಕಿನ ಕ್ಲಚ್ ತಂತಿಯ ಉರುಳು, ಬೇಲಿಗೆ ಕದ್ದು ಹರಿಸಿದ ಕರೆಂಟು, ಹಿಟ್ಟಿನುಂಡೆಯೊಳಗೆ ಹುದುಗಿಸಿದ ಸಿಡಿಮದ್ದು. ಉರುಳು ಹಂದಿಯನ್ನೇ ಆರಿಸಿ ಹಿಡಿಯುವುದಿಲ್ಲ. ಗುಡ್ಡದಂಚಿನ ಹೊಲಗಳಲ್ಲಿ ಅದಕ್ಕೆ ಚಿರತೆಯೂ ಬೀಳುತ್ತದೆ, ಕರಡಿಯೂ ಬೀಳುತ್ತದೆ.