ಯಾವ ಬೆಂಗಳೂರಿನ ಅವಳಿ? ರಾಜಕಾಲುವೆ, ದಾಖಲೆ ಮತ್ತು ಡಿಜಿಟಲ್ ನಗರ

ಮೈಕೇಲ್ ಬ್ಯಾಟಿ 2018ರಲ್ಲಿ ‘ಎನ್ವಿರಾನ್‌ಮೆಂಟ್ ಅಂಡ್ ಪ್ಲಾನಿಂಗ್ ಬಿ’ ಪತ್ರಿಕೆಯ ಸಂಪಾದಕೀಯದಲ್ಲಿ ‘ಡಿಜಿಟಲ್ ಅವಳಿ’ (ಕಂಪ್ಯೂಟರಿನೊಳಗಿನ ಪ್ರತಿರೂಪ) ಎಂಬ ಹೆಸರನ್ನೇ ಪ್ರಶ್ನಿಸಿದರು. ಮಾದರಿ ಎಂದ ಮೇಲೆ ಅದು ಮೂಲವನ್ನು ಸರಳಗೊಳಿಸಿಯೇ ತೀರಬೇಕು, ಸರಳಗೊಂಡದ್ದು ಮೂಲದ ಅವಳಿಯಾಗಲಾರದು ಎಂಬುದು ಅವರ ತಕರಾರಿನ ತಿರುಳು. ದಶಕಗಳ ಕಾಲ ನಗರ ಮಾದರಿಗಳನ್ನು ಕಟ್ಟಿದವರ ಮಾತಿದು, ಹಗುರಾಗಿ ತಳ್ಳಿಹಾಕುವಂಥದ್ದಲ್ಲ. ಆದರೂ ಬೆಂಗಳೂರಿನ ಮಳೆನೀರಿನ ವಿಷಯಕ್ಕೆ ಬಂದಾಗ ಈ ತಕರಾರು ಗುರಿ ತಪ್ಪುತ್ತದೆ ಎಂಬುದು ನನ್ನ ವಾದ. ಪ್ರತಿರೂಪವು ಮೂಲವನ್ನು ಎಷ್ಟು ಹೋಲುತ್ತದೆ ಎಂದು ಬ್ಯಾಟಿ ಕೇಳುತ್ತಾರೆ. ಇಲ್ಲಿ ಅದಕ್ಕೂ ಮೊದಲಿನ ಪ್ರಶ್ನೆಯೇ ಇತ್ಯರ್ಥವಾಗಿಲ್ಲ: ಮೂಲ ಯಾವುದು?

ಪೂರ್ವಾಧ್ಯಯನಗಳನ್ನು ದೀರ್ಘವಾಗಿ ವಿವರಿಸಬೇಕಾಗಿಲ್ಲ. ಡೇವಿಡ್ ಗೆಲೆರ್ನ್‌ಟರ್ 1991ರ ‘ಮಿರರ್ ವರ್ಲ್ಡ್ಸ್’ ಪುಸ್ತಕದಲ್ಲಿ ಊರಿಗೆ ಊರನ್ನೇ ಕಂಪ್ಯೂಟರಿನೊಳಗೆ ಪ್ರತಿಬಿಂಬಿಸುವ ಕಲ್ಪನೆಯನ್ನು ಮಂಡಿಸಿದರು. ಮೈಕೇಲ್ ಗ್ರೀವ್ಸ್ 2002ರಲ್ಲಿ ಕಾರ್ಖಾನೆಯ ಉತ್ಪನ್ನಗಳ ಕುರಿತು ಇಂಥದೇ ವಿಚಾರವನ್ನು ಮುಂದಿಟ್ಟರು. ‘ಅವಳಿ’ ಎಂಬ ಹೆಸರು ನಾಸಾದ ಜಾನ್ ವಿಕರ್ಸ್ ಅವರದು. ಬೃಹತ್ ಮಾದರಿಗಳ ಮೇಲಿನ ಅನುಮಾನ ಇವೆಲ್ಲಕ್ಕಿಂತ ಹಳೆಯದು: ಡಗ್ಲಾಸ್ ಲೀ 1973ರಲ್ಲೇ ಅವುಗಳಿಗೆ ಚರಮಗೀತೆ ಬರೆದಿದ್ದರು. ನಗರದ ಅವಳಿ ಹೇಗಿರಬೇಕೆಂಬುದರಲ್ಲಿ ಒಮ್ಮತ ಇರುವುದು ಇಷ್ಟರ ಮಟ್ಟಿಗೆ: ಸಂವೇದಕಗಳು ನಗರದ ಸ್ಥಿತಿಯನ್ನು ಮಾದರಿಗೆ ತಿಳಿಸುತ್ತಿರಬೇಕು, ಮಾದರಿ ಮುಂದಾಗುವುದನ್ನು ಲೆಕ್ಕಹಾಕಬೇಕು, ಆ ಲೆಕ್ಕ ಮತ್ತೆ ನಗರದ ನಿರ್ವಹಣೆಗೆ ಒದಗಬೇಕು. ಕೃತಕ ಬುದ್ಧಿಮತ್ತೆ ನಡುವಿನ ಹಂತಕ್ಕೆ ಸೇರಿಕೊಂಡು, ಭೌತಶಾಸ್ತ್ರದ ಸಮೀಕರಣಗಳನ್ನು ಬಿಡಿಸಲು ಹಿಡಿಯುವ ಹೊತ್ತನ್ನು ಹಿಂದಿನ ದತ್ತಾಂಶದಿಂದ ಕಲಿತ ಅಂದಾಜಿನ ಮೂಲಕ ಉಳಿಸುತ್ತದೆ.

ಕನ್ನಡದ ಪದವೂ ಇಲ್ಲಿ ಕೊಂಚ ತೊಡಕು ತರುತ್ತದೆ. ಅವಳಿ ಮಕ್ಕಳಲ್ಲಿ ಒಂದು ಮೂಲ, ಇನ್ನೊಂದು ನಕಲು ಎಂದು ಯಾರೂ ಹೇಳುವುದಿಲ್ಲ. ನಮ್ಮ ಅಲಂಕಾರಶಾಸ್ತ್ರದ ಬಿಂಬ–ಪ್ರತಿಬಿಂಬ ಎಂಬ ಜೋಡಿಯೇ ಈ ಸಂಬಂಧಕ್ಕೆ ಹೆಚ್ಚು ಹೊಂದುತ್ತದೆ. ಬಿಂಬ ಒಂದೇ ಎಂದು ಆ ಜೋಡಿ ಕೂಡ ಊಹಿಸಿಕೊಂಡಿರುತ್ತದೆ, ನಿಜ. ಬಳಕೆ ರೂಢಿಯಾಗಿರುವುದರಿಂದ ನಾನೂ ‘ಅವಳಿ’ ಎಂದೇ ಬರೆಯುತ್ತೇನೆ.

ಮೂಲ ಒಂದೇ ಎಂಬ ಈ ಊಹೆ ಸಲೀಸಾಗಿ ನಡೆಯುವ ಊರುಗಳೂ ಇವೆ. 2014ರಲ್ಲಿ ಘೋಷಣೆಯಾದ, 7.3 ಕೋಟಿ ಸಿಂಗಪುರ ಡಾಲರ್ ವೆಚ್ಚದ ‘ವರ್ಚುವಲ್ ಸಿಂಗಪುರ’ ಯೋಜನೆಯನ್ನು ಎಲ್ಲರೂ ಉದಾಹರಿಸುತ್ತಾರೆ, ತಂತ್ರಜ್ಞಾನವನ್ನು ಹೊಗಳುತ್ತಾರೆ. ಅದರ ತಳಹದಿಯಲ್ಲಿರುವ ಭೂಒಡೆತನದ ಬಗ್ಗೆ ಮಾತ್ರ ಅಷ್ಟಾಗಿ ಚರ್ಚೆಯಿಲ್ಲ. ಆ ದ್ವೀಪದ ಸುಮಾರು ಶೇಕಡಾ 90ರಷ್ಟು ನೆಲ ಸರ್ಕಾರದ್ದು, ಬಹುಪಾಲು ನಿವಾಸಿಗಳು ಸರ್ಕಾರ ಕಟ್ಟಿದ ವಸತಿಗಳಲ್ಲಿದ್ದಾರೆ. ಕಡತದಲ್ಲಿರುವ ಚರಂಡಿ, ನೆಲದ ಮೇಲಿನ ಚರಂಡಿ ಬಹುಮಟ್ಟಿಗೆ ಒಂದೇ ಕೈಯ ಬರಹ. ಅಂಥಲ್ಲಿ ಮೂಲ ಯಾವುದೆಂದು ಕೇಳುವ ಸಂದರ್ಭ ಅಪರೂಪ.

ಬೆಂಗಳೂರಿಗೆ ಬರೋಣ. ದಿಣ್ಣೆಯ ಮೇಲೆ ಕೂತ ಈ ಊರಿನ ಮಳೆನೀರು ಮುಖ್ಯವಾಗಿ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಲ್ಲಿ ಇಳಿಯುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು, ತೂಬು ಎತ್ತಿ ಇಳಿಸುವ ನೀರಗಂಟಿಯ ಕಣ್ಣು ಅದರ ಮೇಲಿರಬೇಕು. ಸರಪಳಿ ಎಲ್ಲೆಲ್ಲಿ ಕಡಿಯಿತು ಎಂಬುದು ಗೊತ್ತಿರುವ ಕಥೆ: ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಮಹಾಲೇಖಪಾಲರ (ಸಿಎಜಿ) ಕಾರ್ಯನಿರ್ವಹಣಾ ಲೆಕ್ಕಪರಿಶೋಧನಾ ವರದಿಯ ಪ್ರಕಾರ 20ನೇ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿ.ಮೀ. ಇದ್ದ ಕಾಲುವೆಗಳು 2016–17ರ ಹೊತ್ತಿಗೆ 63ಕ್ಕೂ, ವೃಷಭಾವತಿಯಲ್ಲಿ 226 ಕಿ.ಮೀ. ಇದ್ದವು 112ಕ್ಕೂ ಇಳಿದಿವೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸೇರಿ ಪ್ರವಾಹ ಮುನ್ಸೂಚನೆಯ ಮಾದರಿ ರೂಪಿಸಿದ್ದು ಹೀಗೆ ಅರ್ಧಕ್ಕಿಳಿದ ಜಾಲದ ಮೇಲೆಯೇ. ಮಳೆಮಾಪಕಗಳು, ಕಾಲುವೆಯ ನೀರಿನ ಮಟ್ಟ ಅಳೆಯುವ ಸಂವೇದಕಗಳು, ಜನರಿಗೆ ‘ಮೇಘ ಸಂದೇಶ’ ಆ್ಯಪ್ ಇವೆಲ್ಲ ಸೇರಿದ ಈ ವ್ಯವಸ್ಥೆ ಅವಳಿಯ ಮೊದಲ ರೂಪ ಎನ್ನಬಹುದು.

ಈಗ ವಿವಾದದ ಅಂಶ. ರಾಜಕಾಲುವೆ ಎಂದರೆ ಎಷ್ಟು ಅಗಲದ ವಸ್ತು? ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ–2015’ ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ ಕ್ರಮವಾಗಿ 50, 25, 15 ಮೀಟರ್ ಮೀಸಲು ವಲಯವನ್ನು ಕಾಲುವೆಯ ನಡುಗೆರೆಯಿಂದ ಅಳೆಯುವಂತೆ ಹೇಳಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಅದನ್ನು 50, 35, 25 ಎಂದು ಹಿಗ್ಗಿಸಿ, ಅಂಚಿನಿಂದ ಅಳೆಯಬೇಕೆಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿರ್ದೇಶನವನ್ನು ರದ್ದುಪಡಿಸಿತು. ಮೂರು ವರ್ಷದೊಳಗೆ ಕಾನೂನಿನ ಕಾಲುವೆ ಹಿಗ್ಗಿತು, ಮತ್ತೆ ಕುಗ್ಗಿತು. ಹರಿದ ನೀರಿಗೆ ಈ ಆದೇಶಗಳ ಪ್ರತಿ ತಲುಪಿರಲಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಮುಳುಗಿದ ಬಳಿಕ ನಡೆದ ತೆರವು ಕಾರ್ಯಾಚರಣೆಯಲ್ಲಿ ಕಾಗದಕ್ಕೂ ನೆಲಕ್ಕೂ ನಡುವಿನ ಈ ಬಿರುಕು ಬೀದಿಗೆ ಬಂತು. ಭೂಮಾಪಕರು ಗ್ರಾಮ ನಕಾಶೆ ಹಿಡಿದು ‘ಬಿ ಖರಾಬು’ (ಸಾರ್ವಜನಿಕ ಬಳಕೆಗೆ ಮೀಸಲಾದ ನೆಲ) ಎಂದು ಗೆರೆ ಎಳೆದರೆ, ನಿವಾಸಿಗಳು ಮಂಜೂರಾದ ನಕ್ಷೆ ತೋರಿಸಿ ಅಲ್ಲಿ ಕಾಲುವೆಯೇ ಇಲ್ಲ ಎಂದರು. ಇಬ್ಬರ ಕೈಯಲ್ಲಿದ್ದದ್ದೂ ಸರ್ಕಾರಿ ಕಾಗದವೇ.

ಹೀಗಾಗಿ ಒಂದೇ ನೆಲದ ಮೇಲೆ ಕನಿಷ್ಠ ಮೂರು ಬೆಂಗಳೂರುಗಳಿವೆ: ದಾಖಲೆಯದು, ಕಟ್ಟಿದ್ದು, ನೀರು ಹಿಡಿಯುವ ಹಾದಿಯದು. ಅವಳಿ ಕಟ್ಟುವ ಈಗಿನ ಕ್ರಮ ಎರಡನೆಯದನ್ನು ಮಾತ್ರ ಮೂಲವೆಂದು ಸ್ವೀಕರಿಸುತ್ತದೆ. ವಿಮಾನ ಅಥವಾ ಡ್ರೋನಿನಿಂದ ಲೇಸರ್ ಹಾಯಿಸಿ ನೆಲದ ಎತ್ತರ ಅಳೆದಾಗ ಕಾಲುವೆಯ ಮೇಲೆದ್ದ ಕಟ್ಟಡವೂ ಒಂದು ಎತ್ತರ, ಅಷ್ಟೆ. ಒತ್ತುವರಿ ಎಂಬ ಪದ ದತ್ತಾಂಶದೊಳಗೆ ಬರುವುದೇ ಇಲ್ಲ, ಅದು ಭೂಲಕ್ಷಣವಾಗಿಬಿಟ್ಟಿರುತ್ತದೆ. ಕಲಿಯುವ ಯಂತ್ರ ಈ ತಪ್ಪನ್ನು ಗಟ್ಟಿ ಮಾಡುತ್ತದೆ. ಸಂವೇದಕಗಳು ಬಂದದ್ದು ಕಾಲುವೆ ಕುಗ್ಗಿದ ಮೇಲೆ. ಆದ್ದರಿಂದ ತರಬೇತಿಯ ದತ್ತಾಂಶಕ್ಕೆ ಕುಗ್ಗಿದ ಕಾಲುವೆಯೇ ಸಹಜಸ್ಥಿತಿ. ಇಂಥ ಮಾದರಿಗೆ ಪರಿಹಾರ ಕೇಳಿದರೆ ಪಂಪು ಎಲ್ಲಿಡಬೇಕು, ಯಾವ ರಸ್ತೆ ಮುಚ್ಚಬೇಕು, ತಡೆಗೋಡೆ ಎಷ್ಟು ಎತ್ತರಿಸಬೇಕು ಎಂದು ಚೊಕ್ಕವಾಗಿ ಹೇಳೀತು. ಮುಚ್ಚಿದ ಕಾಲುವೆಯನ್ನು ತೆರೆಯುವ ಆಯ್ಕೆ ಅದರ ಪಟ್ಟಿಯಲ್ಲಿರುವುದಿಲ್ಲ.

ಇದಕ್ಕೆ ಜಲವಿಜ್ಞಾನಿಗಳ ಮರುಮಾತು ಬಲವಾದದ್ದು. ಇಂದು ರಾತ್ರಿ ಮಳೆ ಸುರಿದರೆ ನೀರನ್ನು ಅಡ್ಡಗಟ್ಟುವುದು ಇಂದಿರುವ ಗೋಡೆಯೇ, ನೂರು ವರ್ಷದ ಹಿಂದಿನ ಗೆರೆಯಲ್ಲ. ಮುನ್ಸೂಚನೆಯ ಮಟ್ಟಿಗೆ ಇದನ್ನು ಪೂರ್ತಿ ಒಪ್ಪುತ್ತೇನೆ. ಜನರನ್ನು ಸಕಾಲದಲ್ಲಿ ಎಬ್ಬಿಸಬೇಕಾದ ವ್ಯವಸ್ಥೆಗೆ ಕಟ್ಟಿದ ಬೆಂಗಳೂರೇ ಮೂಲವಾಗಿರಲಿ. ಯೋಜನೆಗೂ ಅದೇ ಮಾದರಿಯನ್ನು ಎತ್ತಿಕೊಂಡಾಗ ತೊಂದರೆ ಶುರುವಾಗುತ್ತದೆ, ಮತ್ತು ‘ಅವಳಿ’ ಎಂಬ ಹೆಸರು ಆ ಜಾರುವಿಕೆಯನ್ನು ಸುಲಭಗೊಳಿಸುತ್ತದೆ. ಬ್ಯಾಟಿ ಅವರ ಜೊತೆ ನನಗೆ ಸಹಮತವಿರುವುದು ಈ ಒಂದು ಜಾಗದಲ್ಲಿ, ಕಾರಣ ಬೇರೆಯಾದರೂ.

ಹಾಗಾದರೆ ಬೆಂಗಳೂರಿಗೆ ಬೇಕಾದ ಅವಳಿ ಮೂರೂ ಪದರಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಂಡು, ಅವುಗಳ ನಡುವಿನ ಅಂತರವನ್ನೇ ತನ್ನ ಮುಖ್ಯ ಫಲಿತವಾಗಿ ತೋರಿಸಬೇಕು. ಹೋಲಿಕೆಗಿಂತ ಹೊಂದಿಕೆಯಾಗದ ಜಾಗಗಳೇ ಅದರ ಪ್ರಯೋಜನ. ಇದನ್ನು ಕೆಲವು ಮಿತಿಗಳೊಡನೆ ಹೇಳುತ್ತಿದ್ದೇನೆ. ಮೊದಲನೆಯದಾಗಿ, ಈ ಮಾತು ಮಳೆನೀರಿಗೆ ಸಂಬಂಧಿಸಿದ್ದು. ಸಿಗ್ನಲ್ ದೀಪಗಳ ಹೊಂದಾಣಿಕೆಯಂಥ ಕೆಲಸಕ್ಕೆ ಕಟ್ಟಿದ ನಗರವೊಂದೇ ಸಾಕಾಗಬಹುದು. ದಾಖಲೆಯ ಪದರವನ್ನು ಪವಿತ್ರವೆಂದು ಭಾವಿಸುವಂತೆಯೂ ಇಲ್ಲ. ಗ್ರಾಮ ನಕಾಶೆ ತಯಾರಾದದ್ದು ಕಂದಾಯ ನಿಗದಿಗೆ, ನೀರಿನ ಲೆಕ್ಕಕ್ಕಲ್ಲ. ಸರಪಳಿ ಹಿಡಿದು ಅಳೆದ ಆ ಗೆರೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಕೆಲವು ಮೀಟರುಗಳ ಏರುಪೇರು ಸಾಮಾನ್ಯ, ಹದಿನೈದು ಮೀಟರಿನ ವಲಯದಲ್ಲಿ ಅದು ಸಣ್ಣ ದೋಷವಲ್ಲ. ಮಹಾಲೇಖಪಾಲರ ಅಂಕಿಗಳನ್ನೂ ಈ ಎಚ್ಚರದಿಂದಲೇ ಓದಬೇಕು: ಶತಮಾನದ ಅಂತರದ ಎರಡು ಅಳತೆಗಳಲ್ಲಿ ‘ಕಾಲುವೆ’ ಎಂದು ಎಣಿಸಿದ್ದು ಒಂದೇ ಬಗೆಯ ವಸ್ತುವನ್ನೇ ಎಂದು ನಾನು ಭರವಸೆ ಕೊಡಲಾರೆ. ಇನ್ನು ನೀರಿನ ಪದರವೂ ಮಾದರಿಯೇ, ಕಣ್ಣಿಗೆ ಕಾಣುವ ವಸ್ತುವಲ್ಲ. ಹರಳೂರಿನ ಕಡೆಯದಾಗಲಿ ಯಲಹಂಕದ ಕಡೆಯದಾಗಲಿ, ಒಂದು ಮೋರಿಯಲ್ಲಿ ಕಸ ಕಟ್ಟಿಕೊಂಡರೆ ಹಾದಿ ಬದಲಾದೀತು. ಕೆರೆಗಳು ಈಗ ವರ್ಷವಿಡೀ ಕೊಳಚೆ ನೀರಿನಿಂದ ತುಂಬಿರುವುದರಿಂದ ಮಳೆಯನ್ನು ಹಿಡಿದಿಡುವ ಖಾಲಿ ಜಾಗವೂ ಹಳೆಯ ಲೆಕ್ಕದಂತೆ ಉಳಿದಿಲ್ಲ.

ಈ ಲೇಖನ ಮುಟ್ಟದೆ ಬಿಟ್ಟ ಪ್ರಶ್ನೆ ಕಾನೂನಿನದು. ಮೂರು ಪದರಗಳ ಅಂತರವನ್ನು ತೋರಿಸುವ ನಕ್ಷೆಯೊಂದು ಸಿದ್ಧವಾಯಿತೆನ್ನಿ. ಹದ್ದುಬಸ್ತಿನ ವ್ಯಾಜ್ಯದಲ್ಲಿ ಅದರ ಸ್ಥಾನವೇನು? ಭೂಮಾಪಕರ ವರದಿಯನ್ನು ಪಾಟೀಸವಾಲಿಗೆ ಒಡ್ಡುವ ಕ್ರಮ ನ್ಯಾಯಾಲಯಗಳಿಗೆ ಗೊತ್ತಿದೆ. ನೀರು ಇಲ್ಲಿಯೇ ಹರಿದೀತು ಎಂದು ದತ್ತಾಂಶದಿಂದ ಕಲಿತ ಯಂತ್ರ ಹೇಳಿದರೆ, ಅದರ ಪರವಾಗಿ ಕಟಕಟೆಯಲ್ಲಿ ನಿಂತು ಉತ್ತರಿಸಬೇಕಾದವರು ಮಾದರಿ ಕಟ್ಟಿದವರೋ, ದತ್ತಾಂಶ ಒದಗಿಸಿದವರೋ, ಅದನ್ನು ನಂಬಿ ಗೆರೆ ಎಳೆದ ಅಧಿಕಾರಿಯೋ ಎಂಬುದನ್ನು ಜಲವಿಜ್ಞಾನ ಮತ್ತು ಕಂದಾಯ ಕಾನೂನು ಎರಡನ್ನೂ ಬಲ್ಲವರು ಪರಿಶೀಲಿಸಬೇಕಾಗಿದೆ.